ಮನೆಯಂಗಳದ ಹೊಂಗೆ ಮರ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಹೊಂಗೆ ನಮ್ಮ ನೆಲದ ಮರ. ಹೊಳೆದಂಡೆಯಲ್ಲಿ ತಾನಾಗಿ ಹುಟ್ಟುತ್ತದೆ, ಬಯಲುಸೀಮೆಯ ರಸ್ತೆ ಬದಿಯಲ್ಲಿ ಬೇಸಿಗೆಯುದ್ದಕ್ಕೂ ನೀರು ಕಾಣದೆ ನಿಲ್ಲುತ್ತದೆ. ಕೆಂಪು ಮಣ್ಣು, ಎರೆ ಮಣ್ಣು, ಕರಾವಳಿಯ ಉಪ್ಪುನೆಲ ಎಲ್ಲವನ್ನೂ ತಾಳಿಕೊಳ್ಳುತ್ತದೆ. ದ್ವಿದಳ ಜಾತಿಗೆ ಸೇರಿದ್ದರಿಂದ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ. ಇಂಥ ಗಟ್ಟಿ ಮರ ಕಾಂಪೌಂಡಿನೊಳಗೆ ಸೊರಗಿದರೆ, ಹೆಚ್ಚಿನ ಸಲ ಕಾರಣ ಬುಡದ ಸುತ್ತ ನಾವು ಮಾಡಿದ ಕೆಲಸದಲ್ಲಿರುತ್ತದೆ. ಸಿಮೆಂಟು, ಕಟ್ಟಡದ ಕಸ, ಅತಿ ನೀರು, ಆಳದ ನಾಟಿ, ಬಿಗಿದ ತಂತಿ, ಇವುಗಳಲ್ಲಿ ಯಾವುದೋ ಒಂದು.

ಆದರೆ ನಮ್ಮ ಕಣ್ಣು ಮೊದಲು ಹೋಗುವುದು ಎಲೆಯ ಕಡೆಗೆ. ಎಲೆಯಲ್ಲಿ ಗಂಟೋ ಚುಕ್ಕೆಯೋ ಕಂಡ ಕೂಡಲೇ ಅದನ್ನೊಂದು ಚೀಲದಲ್ಲಿ ಹಾಕಿಕೊಂಡು ಔಷಧಿ ಅಂಗಡಿಗೆ ಹೊರಡುತ್ತೇವೆ. ದಯವಿಟ್ಟು ಅದಕ್ಕೆ ಮೊದಲು ಮರದ ಬುಡದಲ್ಲಿ ಕೂತು ಹತ್ತು ನಿಮಿಷ ನೋಡಿ. ಒಂದು ಹಾರೆ, ಒಂದು ಚೂಪು ಚಾಕು, ಒಂದು ಬಕೆಟ್ ನೀರು, ಸ್ವಲ್ಪ ವಿನೆಗರ್ ಅಥವಾ ನಿಂಬೆರಸ ಇದ್ದರೆ ಕೆಳಗಿನ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲು ನೀವೇ ಮಾಡಬಹುದು.

ಶುರು ಮಾಡುವ ಮೊದಲು ಮೂರು ಎಚ್ಚರಿಕೆ. ಕೊಂಬೆ ವಿದ್ಯುತ್ ತಂತಿಗೆ ತಾಗುವಂತಿದ್ದರೆ ಏಣಿ ಹಾಕಬೇಡಿ, ದೋಟಿಯನ್ನೂ ಎತ್ತಬೇಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಹೊಂಗೆ ಬೀಜ ಕಹಿ, ತಿಂದರೆ ವಿಷ. ಕಾಯಿ ಉದುರುವ ಕಾಲದಲ್ಲಿ ಸಣ್ಣ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಹೂ ಬಿಟ್ಟಿರುವಾಗ, ಅಂದರೆ ಸಾಮಾನ್ಯವಾಗಿ ಏಪ್ರಿಲ್–ಮೇ ತಿಂಗಳಲ್ಲಿ, ಯಾವ ಕೀಟನಾಶಕವನ್ನೂ ಸಿಂಪಡಿಸಬೇಡಿ. ಆ ದಿನಗಳಲ್ಲಿ ಮರದ ತುಂಬ ಜೇನುಹುಳು ಇರುತ್ತವೆ.

ಲಕ್ಷಣ: ಎಲೆಯೆಲ್ಲ ಹಳದಿಯಾಗಿ ಉದುರಿ ಮರ ಬೋಳಾಗಿದೆ

ಮೊದಲು ಕ್ಯಾಲೆಂಡರ್ ನೋಡಿ. ಶಿವರಾತ್ರಿಯಿಂದ ಯುಗಾದಿಯ ಆಸುಪಾಸಿನಲ್ಲಿ ಹೀಗಾಗಿದ್ದರೆ ಅದು ರೋಗವಲ್ಲ. ಹೊಂಗೆ ವರ್ಷಕ್ಕೊಮ್ಮೆ ಹಳೆಯ ಎಲೆ ಕಳಚಿ, ಕೆಲವೇ ವಾರಗಳಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ಎಳೆಹಸಿರು ಚಿಗುರು ತರುತ್ತದೆ. ಹೊಸದಾಗಿ ಮನೆ ಕೊಂಡವರು ಈ ಹೊತ್ತಿನಲ್ಲಿ ಮರ ಸತ್ತಿತೆಂದು ಕಡಿಸಲು ಹೊರಡುವುದುಂಟು. ಹಾಗೆ ಮಾಡಬೇಡಿ.

ಅನುಮಾನವಿದ್ದರೆ ಪೆನ್ಸಿಲ್ ದಪ್ಪದ ಒಂದು ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಾಗಿ, ತೇವವಾಗಿದ್ದರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಅದೇ ಕೊಂಬೆಯಲ್ಲಿ ಇನ್ನಷ್ಟು ಕೆಳಗೆ, ಕಾಂಡದ ಕಡೆಗೆ ಬಂದು ಮತ್ತೆ ಕೆರೆಯಿರಿ. ಹಸಿರು ಎಲ್ಲಿ ಸಿಗುತ್ತದೋ ಅಲ್ಲಿಯವರೆಗೆ ಮರ ಬದುಕಿದೆ.

ಇದೇ ಎಲೆ ಉದುರುವಿಕೆ ಮಳೆಗಾಲದ ನಡುವೆ, ಆಷಾಢ–ಶ್ರಾವಣದಲ್ಲಿ ಕಂಡರೆ ಮಾತು ಬೇರೆ. ಆಗ ಬೇರಿಗೆ ಏನೋ ತೊಂದರೆಯಾಗಿದೆ ಎಂದು ತಿಳಿದು, ಕೆಳಗೆ ಕೊಂಬೆ ಒಣಗುವ ವಿಭಾಗಕ್ಕೆ ಹೋಗಿ.

ಲಕ್ಷಣ: ಎಲೆ ಮೇಲೆ ಗಂಟು, ಬಿಳಿ ಗೀರು, ಕಪ್ಪು ಚುಕ್ಕೆ

ಎಲೆಯ ಮೇಲೆ ಹಸಿರು ಬೆರಳುಗಳು ಮೂಡಿದಂತೆ ಗಂಟುಗಳಿದ್ದರೆ ಅದು ನುಸಿಯ ಕೆಲಸ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಅದು ಕಚ್ಚಿದ ಕಡೆ ಎಲೆ ಉಬ್ಬಿ ಗಂಟಾಗುತ್ತದೆ, ನುಸಿ ಅದರೊಳಗೆ ಮನೆ ಮಾಡುತ್ತದೆ. ನಮ್ಮ ಊರುಗಳಲ್ಲಿ ಗಂಟಿಲ್ಲದ ಹೊಂಗೆ ಸಿಗುವುದೇ ಅಪರೂಪ. ನೋಡಲು ಚೆನ್ನಾಗಿರುವುದಿಲ್ಲ, ನಿಜ. ಆದರೆ ಬೆಳೆದ ಮರಕ್ಕೆ ಅದರಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ. ನುಸಿ ಗಂಟಿನ ಒಳಗಿರುವುದರಿಂದ ಹೊರಗಿನಿಂದ ಸಿಂಪಡಿಸಿದ್ದು ಅದಕ್ಕೆ ತಾಗುವುದೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಈ ಗಂಟುಗಳಿಗೆ ಖರ್ಚು ಮಾಡುವ ಪ್ರತಿ ರೂಪಾಯಿಯೂ ದಂಡ.

ಎಳೆ ಸಸಿಯಲ್ಲಿ ಹೊಸ ಚಿಗುರೆಲ್ಲ ಗಂಟುಗಟ್ಟಿ ಮುರುಟುತ್ತಿದ್ದರೆ ಮಾತ್ರ ಆ ಎಲೆಗಳನ್ನು ಚಿವುಟಿ ದೂರ ಹಾಕಿ. ಮುಂದಿನ ಚಿಗುರು ಒಡೆಯುವಾಗ, ಗಂಟು ಮೂಡುವ ಮೊದಲೇ, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2–3 ಗ್ರಾಂ ಬೆರೆಸಿ ತಂಪು ಹೊತ್ತಿನಲ್ಲಿ ಸಿಂಪಡಿಸಬಹುದು. ಸುಡು ಬಿಸಿಲಿನಲ್ಲಿ ಗಂಧಕ ಹೊಡೆದರೆ ಚಿಗುರೇ ಸುಟ್ಟುಹೋಗುತ್ತದೆ.

ಬೆಳ್ಳಗೆ ಹಾವು ಹರಿದಂತೆ ಗೀರು ಅಥವಾ ಬೊಕ್ಕೆ ಇದ್ದರೆ ಎಲೆ ಸುರಂಗ ಹುಳು, ಎಲೆಯ ಎರಡು ಪದರಗಳ ನಡುವೆ ಮೇಯುತ್ತಿದೆ. ಮಳೆಗಾಲದಲ್ಲಿ ಬರುವ ಕಪ್ಪು ಚುಕ್ಕೆ ಶಿಲೀಂಧ್ರದ್ದು. ಎರಡಕ್ಕೂ ಉದುರಿದ ರೋಗದ ಎಲೆ ಗುಡಿಸಿ ಬೇರೆ ಕಡೆ ಗೊಬ್ಬರದ ಗುಂಡಿಗೆ ಹಾಕಿದರೆ ಸಾಕು.

ಲಕ್ಷಣ: ಒಂದೇ ವಾರದಲ್ಲಿ ಚಿಗುರೆಲ್ಲ ಮಾಯ

ಎಳೆ ಎಲೆಗಳನ್ನು ಬಿಡಿಸಿ ನೋಡಿ. ರೇಷ್ಮೆ ನೂಲಿನಿಂದ ಹೊಲಿದುಕೊಂಡ ಎಲೆಯೊಳಗೆ ಕಂಬಳಿಹುಳು ಇದ್ದರೆ ಅದು ಹೆಚ್ಚಾಗಿ ಹಸೋರಾ ಕುಲದ ಚಿಟ್ಟೆಯ ಮರಿ. ಕಂದು ಬಣ್ಣದ, ಹಿಂದಿನ ರೆಕ್ಕೆಯ ಅಡಿಯಲ್ಲಿ ಬಿಳಿ ಪಟ್ಟಿಯಿರುವ, ಬಿರುಸಾಗಿ ಹಾರುವ ಚಿಟ್ಟೆ ಮರದ ಸುತ್ತ ಕಂಡಿದ್ದರೆ ಗುರುತು ಖಚಿತ. ಇದರ ಮರಿಗಳಿಗೆ ಹೊಂಗೆಯ ಎಳೆ ಚಿಗುರೇ ಊಟ. ಮರ ಕೆಲ ವಾರದಲ್ಲಿ ಮತ್ತೆ ಚಿಗುರುತ್ತದೆ, ಅಷ್ಟರಲ್ಲಿ ಹಕ್ಕಿಗಳು ಮರಿಗಳನ್ನು ಹೆಕ್ಕಿ ತಿಂದಿರುತ್ತವೆ. ಬೆಳೆದ ಮರವನ್ನು ಅದರ ಪಾಡಿಗೆ ಬಿಡಿ. ಸೊಂಟದೆತ್ತರದ ಸಸಿಯಾದರೆ ಕೈಯಿಂದ ಆರಿಸಿ ತೆಗೆಯಿರಿ.

ಲಕ್ಷಣ: ಎಲೆ ಅಂಟಂಟು, ಮೇಲೆ ಕಪ್ಪು ಮಸಿ, ಕಾಂಡದ ಮೇಲೆ ಇರುವೆ ಸಾಲು

ಕಪ್ಪು ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒರೆಸಿದರೆ ಹೋಗುತ್ತದೆ ಎಂದಾದರೆ ಮೂಲ ಅದಲ್ಲ. ಹಿಟ್ಟು ತಿಗಣೆ ಅಥವಾ ಶಲ್ಕ ಕೀಟ ರಸ ಹೀರಿ ಸಿಹಿ ದ್ರವ ಸುರಿಸುತ್ತಿದೆ, ಆ ಸಿಹಿಯ ಮೇಲೆ ಬೂಸ್ಟು ಬೆಳೆದಿದೆ, ಅದೇ ಸಿಹಿಗೆ ಇರುವೆ ಬಂದಿದೆ. ಪೈಪಿನಿಂದ ರಭಸವಾಗಿ ನೀರು ಹೊಡೆದು ಕೀಟ ಉದುರಿಸಿ. ಉಳಿದವಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಅದು ನೀರಿನಲ್ಲಿ ಬೆರೆಯುವಷ್ಟು ಸಾಬೂನು ಹಾಕಿ ಸಂಜೆ ಸಿಂಪಡಿಸಿ. ಇರುವೆಗಳು ಈ ಕೀಟಗಳನ್ನು ಕಾಯುತ್ತವೆ, ಹಾಗಾಗಿ ಗೋಡೆಗೋ ತಂತಿಗೋ ತಾಗಿದ ಕೊಂಬೆಯೇ ಅವುಗಳ ದಾರಿಯಾಗಿದೆಯೇ ನೋಡಿ.

ಲಕ್ಷಣ: ಎಲೆ ಹಳದಿ, ಆದರೆ ಉದುರುತ್ತಿಲ್ಲ

ಯಾವ ಎಲೆ ಹಳದಿ ಎಂಬುದರಲ್ಲೇ ಅರ್ಧ ಉತ್ತರವಿದೆ. ಕೆಳಗಿನ ಹಳೆಯ ಎಲೆ ಒಂದೊಂದಾಗಿ ಹಳದಿಯಾದರೆ ಅದು ಸಹಜ ಮುಪ್ಪು. ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ; ಸುಣ್ಣದ ಅಂಶ ಹೆಚ್ಚಾಗಿ ಬೇರಿಗೆ ಅದು ಎಟಕುತ್ತಿಲ್ಲ. ಹೊಸ ಮನೆಗಳಲ್ಲಿ ಇದು ತೀರಾ ಸಾಮಾನ್ಯ, ಏಕೆಂದರೆ ಅಂಗಳದ ಮಣ್ಣಿನಡಿ ಸಿಮೆಂಟು, ಗಾರೆ, ಪ್ಲಾಸ್ಟರ್ ಚೂರು ಹೂತಿರುತ್ತವೆ.

ಪರೀಕ್ಷೆ ಸುಲಭ. ಒಂದಡಿ ಆಳದ ಮಣ್ಣನ್ನು ಹಿಡಿಯಷ್ಟು ತೆಗೆದು ಒಣಗಿಸಿ, ಅದರ ಮೇಲೆ ವಿನೆಗರ್ ಸುರಿಯಿರಿ. ನೊರೆ ಬಂದರೆ ಸುಣ್ಣ ಇದೆ. ತಾತ್ಕಾಲಿಕ ಪರಿಹಾರ, ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ ಸಂಜೆ ಎಲೆಗೆ ಸಿಂಪಡಿಸುವುದು. ನೆಲದ ಟೈಲ್ಸ್, ಕಾರು, ಗೋಡೆಯ ಮೇಲೆ ಅದು ಬಿದ್ದರೆ ತುಕ್ಕಿನ ಕಲೆ ಹಿಡಿಯುತ್ತದೆ, ಮುಚ್ಚಿಕೊಂಡು ಮಾಡಿ. ಅನ್ನಭೇದಿಯನ್ನು ಇಂಥ ಮಣ್ಣಿಗೆ ಸುರಿದರೆ ಪ್ರಯೋಜನ ಕಡಿಮೆ. ಸುಣ್ಣ ಅದನ್ನೂ ಕಟ್ಟಿಹಾಕುತ್ತದೆ. ಶಾಶ್ವತ ದಾರಿ ಎಂದರೆ ಕೈಗೆ ಸಿಗುವ ಗಾರೆ ಚೂರು ಹೆಕ್ಕಿ ತೆಗೆದು, ವರ್ಷ ವರ್ಷ ಕೊಟ್ಟಿಗೆ ಗೊಬ್ಬರ, ಒಣಎಲೆ ಹೊದಿಸುತ್ತ ಹೋಗುವುದು.

ಎಲೆಯ ಅಂಚು ಮಾತ್ರ ಸುಟ್ಟಂತೆ ಕಂದಾಗಿದ್ದರೆ ಯಾವ ನೀರು ಹಾಕುತ್ತಿದ್ದೀರಿ ಎಂದು ಯೋಚಿಸಿ. ಬೋರ್‌ವೆಲ್ ನೀರನ್ನು ಮೆದು ಮಾಡುವ ಯಂತ್ರ ತೊಳೆದು ಹೊರಬಿಡುವುದು ಉಪ್ಪುನೀರು. ಬಲಿತ ಹೊಂಗೆ ಉಪ್ಪು ತಾಳುತ್ತದೆ. ಎಳೆ ಸಸಿಗೆ ದಿನವೂ ಅದನ್ನೇ ಹರಿಸಿದರೆ ತಾಳಲಾರದು. ಆ ಪೈಪನ್ನು ಬೇರೆ ಕಡೆ ತಿರುಗಿಸಿ.

ಹಳದಿ ಕಂಡ ಕೂಡಲೇ ಯೂರಿಯಾ ಹಾಕುವ ಅಭ್ಯಾಸವೊಂದಿದೆ. ಹೊಂಗೆಗೆ ಅದು ಬೇಕಿಲ್ಲ. ಬುಡದಿಂದ ಎರಡಡಿ ದೂರದಲ್ಲಿ ಮೇಲ್ಮಣ್ಣು ಮೆಲ್ಲಗೆ ಕೆದರಿ, ಸಣ್ಣ ಬೇರಿನ ಮೇಲಿನ ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಸಾರಜನಕದ ಕೆಲಸ ನಡೆಯುತ್ತಿದೆ.

ಲಕ್ಷಣ: ಸಸಿ ನೆಟ್ಟು ಎರಡು ವರ್ಷವಾದರೂ ಹಾಗೇ ನಿಂತಿದೆ

ನನಗೆ ಕಂಡ ಮಟ್ಟಿಗೆ ಅತಿ ಹೆಚ್ಚು ಹೊಂಗೆಗಳು ಸೋಲುವುದು ಇಲ್ಲೇ, ಮತ್ತು ಸ್ವಲ್ಪ ಗಮನ ಕೊಟ್ಟರೆ ಪೂರ್ತಿ ಉಳಿಯುವುದೂ ಇಲ್ಲೇ. ಒಂದೊಂದಾಗಿ ನೋಡೋಣ.

ಮೊದಲು ಕಾಂಡದಲ್ಲಿ ಏನಾದರೂ ಬಿಗಿದಿದೆಯೇ ನೋಡಿ. ಊರುಗೋಲಿಗೆ ಕಟ್ಟಿದ ಪ್ಲಾಸ್ಟಿಕ್ ಹಗ್ಗ, ಬೇಲಿ ತಂತಿ, ಫಲಕದ ತಂತಿ, ಕಬ್ಬಿಣದ ಕಾವಲುಗೂಡಿನ ಬಳೆ ತೊಗಟೆಯೊಳಗೆ ಹೂತಿದ್ದರೆ ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದಿಲ್ಲ. ಸಡಿಲವಾಗಿದ್ದರೆ ಬಿಚ್ಚಿ. ತೊಗಟೆ ಅದರ ಮೇಲೆ ಬೆಳೆದು ನುಂಗಿದ್ದರೆ ಎಳೆದು ಕೀಳಬೇಡಿ; ಕಾಣುವ ಕಡೆ ಎರಡು ಮೂರು ಜಾಗದಲ್ಲಿ ಕತ್ತರಿಸಿ ಬಿಡಿ.

ಎರಡನೆಯದು ನಾಟಿಯ ಆಳ. ಆರೋಗ್ಯವಂತ ಮರದ ಕಾಂಡ ನೆಲ ಮುಟ್ಟುವ ಕಡೆ ಅಗಲವಾಗಿ ಬೇರುಗಳತ್ತ ಹರಡಿಕೊಂಡಿರುತ್ತದೆ. ನಿಮ್ಮ ಸಸಿ ಕಂಬ ನೆಟ್ಟಂತೆ ನೇರ ಮಣ್ಣಿಗಿಳಿದಿದ್ದರೆ ಅದರ ಕೊರಳು ಮಣ್ಣಲ್ಲಿ ಹೂತಿದೆ. ಮನೆ ಮುಗಿದ ಮೇಲೆ ಅಂಗಳಕ್ಕೆ ಮಣ್ಣು ತುಂಬಿಸಿ ಎತ್ತರಿಸಿದ ಕಡೆ ಹೀಗಾಗುತ್ತದೆ. ಕೈಯಿಂದ ಮಣ್ಣು ಸರಿಸುತ್ತ ಹೋಗಿ, ಮೊದಲ ದಪ್ಪ ಬೇರು ಕಂಡಲ್ಲಿ ನಿಲ್ಲಿಸಿ, ಅಷ್ಟು ಭಾಗ ಗಾಳಿಗೆ ತೆರೆದಿಡಿ.

ಕೊರಳು ಬಿಡಿಸುವಾಗಲೇ ಮೂರನೆಯದೂ ಕಾಣುತ್ತದೆ: ಕಾಂಡದ ಸುತ್ತ ಬಳೆಯಂತೆ ಸುತ್ತಿಕೊಂಡ ಬೇರು. ನರ್ಸರಿಯ ಪಾಲಿಥೀನ್ ಚೀಲದಲ್ಲಿ ಬಹಳ ದಿನ ಕೂತ ಸಸಿಯ ಬೇರು ಹೊರಗೆ ಹೋಗಲಾಗದೆ ಸುತ್ತು ಹಾಕಿರುತ್ತದೆ. ಚೀಲವನ್ನೇ ತೆಗೆಯದೆ ನೆಟ್ಟಿರುವುದನ್ನೂ ಕಂಡಿದ್ದೇನೆ. ನಾಟಿಯಾಗಿ ಎರಡು ವರ್ಷದೊಳಗಾಗಿದ್ದರೆ ಮಳೆಗಾಲದ ಆರಂಭದಲ್ಲಿ, ಸುತ್ತಿದ ಬೇರನ್ನು ಚೂಪು ಚಾಕುವಿನಿಂದ ಒಂದು ಕಡೆ ಕತ್ತರಿಸಿ. ಹಲವು ಬೇರು ಸುತ್ತಿದ್ದರೆ ಒಂದೇ ಸಲ ಎಲ್ಲ ಕತ್ತರಿಸದೆ ಮುಂದಿನ ಮಳೆಗಾಲಕ್ಕೂ ಸ್ವಲ್ಪ ಬಿಡಿ. ಪಾಲಿಥೀನ್ ಸಿಕ್ಕರೆ ಸಿಕ್ಕಷ್ಟೂ ಎಳೆದು ತೆಗೆಯಿರಿ.

ನಾಲ್ಕನೆಯದು ನೀರು. ಸಸಿಯಿಂದ ಎರಡಡಿ ದೂರದಲ್ಲಿ ಒಂದಡಿ ಗುಂಡಿ ತೆಗೆದು ನೀರು ತುಂಬಿಸಿ, ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ. ಎರಡನೇ ಸಲದ ನೀರು ಕೆಲವು ಗಂಟೆಯಲ್ಲಿ ಇಂಗಿದರೆ ಸರಿ. ಮಾರನೇ ದಿನವೂ ನಿಂತಿದ್ದರೆ ಕೆಳಗೆ ಗಟ್ಟಿ ಪದರವಿದೆ: ವಾಹನ ಓಡಾಡಿ ಒತ್ತಿದ ಮಣ್ಣೋ, ಕಾಂಕ್ರೀಟ್ ತುಂಡೋ, ಎರೆ ಮಣ್ಣಿನ ಜಿಗುಟೋ, ಕರಾವಳಿಯಲ್ಲಾದರೆ ಮುರಕಲ್ಲಿನ ಹಾಸೋ. ಹೊಳೆದಂಡೆಯ ಮರವಾದ್ದರಿಂದ ಹೊಂಗೆ ಕೆಲಕಾಲದ ನೆರೆ ಸಹಿಸುತ್ತದೆ, ಆದರೆ ದಿನವೂ ಗಾಳಿಯಾಡದ ಕೆಸರಲ್ಲಿ ಕೂತ ಎಳೆ ಬೇರು ಕೊಳೆಯುತ್ತದೆ. ಸಸಿಯಿಂದ ಮೂರಡಿ ದೂರದಲ್ಲಿ ಸುತ್ತಲೂ ಮೂರ್ನಾಲ್ಕು ಕಡೆ ಹಾರೆಯಿಂದ ಆಳದ ಗುಣಿ ತೋಡಿ, ಗಟ್ಟಿ ಪದರ ದಾಟಿಸಿ, ಗೊಬ್ಬರ ಬೆರೆಸಿದ ಮಣ್ಣು ತುಂಬಿ.

ದಿನಾ ಒಂದು ಚೊಂಬು ನೀರು ಬುಡಕ್ಕೇ ಸುರಿಯುವುದೂ ಒಂದು ದೋಷವೇ. ಬೇರು ಮೇಲ್ಪದರದಲ್ಲೇ ಉಳಿಯುತ್ತದೆ, ಆಮೇಲೆ ಗಾಳಿಗೆ ಮರ ವಾಲುತ್ತದೆ. ಮೊದಲೆರಡು ಬೇಸಿಗೆ ವಾರಕ್ಕೊಮ್ಮೆ ಎರಡು ಮೂರು ಬಕೆಟ್, ಬುಡ ಬಿಟ್ಟು ಸುತ್ತಲಿನ ಪಾತಿಗೆ, ನಿಧಾನವಾಗಿ ಹಾಕಿ. ಆಮೇಲೆ ನೀರಿನ ಹಂಗು ಕಡಿಮೆಯಾಗುತ್ತದೆ.

ಇಷ್ಟೂ ಸರಿಯಿದ್ದು ಸಸಿ ಮೇಲೇಳದಿದ್ದರೆ ಹೊಸ ಸಸಿ ನೆಡುವುದೇ ಲೇಸು. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮನೆಯ ಗೋಡೆ, ಸಂಪು, ಶೌಚದ ಗುಂಡಿಯಿಂದ ಕನಿಷ್ಠ 15 ಅಡಿ ದೂರದಲ್ಲಿ ನೆಡಿ. 30×40 ಸೈಟಿನಲ್ಲಿ ಪೂರ್ತಿ ಮನೆ ಕಟ್ಟಿದ್ದರೆ ಕಾಂಪೌಂಡಿನೊಳಗೆ ಹೊಂಗೆಗೆ ಜಾಗವಿಲ್ಲ. ಅಲ್ಲಿ ಸಣ್ಣ ಮರ ಆರಿಸಿ.

ಲಕ್ಷಣ: ಬಲಿತ ಮರದ ಕೊಂಬೆ ತುದಿಯಿಂದ ಒಣಗುತ್ತಿದೆ

ದೂರ ನಿಂತು ಇಡೀ ಮರ ನೋಡಿ. ಒಂದೇ ಕೊಂಬೆ ಒಣಗಿದ್ದರೆ ದೋಷ ಆ ಕೊಂಬೆಯಲ್ಲಿದೆ. ನೆತ್ತಿಯಲ್ಲಿ, ಸುತ್ತಲೂ ಒಣಗಿದ್ದರೆ ದೋಷ ನೆಲದಲ್ಲಿದೆ.

ಒಂದೇ ಕೊಂಬೆಯಾದರೆ ಬದನಿಕೆ ಇದೆಯೇ ಹುಡುಕಿ. ಎಲೆ ಉದುರಿದ ದಿನಗಳಲ್ಲಿ ಇದು ಸುಲಭ: ಬೋಳು ಮರದ ನಡುವೆ ಹಸಿರಾಗಿ ಉಳಿದ, ಹೊಂಗೆಯದಲ್ಲದ ದಪ್ಪ ಎಲೆಯ ಪೊದೆ. ಅದು ಕೊಂಬೆಯೊಳಗೆ ಬೇರಿಳಿಸಿ ನೀರು ಕದಿಯುತ್ತದೆ. ಅದರ ಹಣ್ಣು ತಿನ್ನುವ ಪುಟ್ಟ ಬದನಿಕೆ ಹಕ್ಕಿ ಅಂಟು ಬೀಜವನ್ನು ಬೇರೆ ಕೊಂಬೆಗೆ ಒರೆಸಿ ಹರಡುತ್ತದೆ. ಬರೀ ಪೊದೆ ಮುರಿದರೆ ಮತ್ತೆ ಚಿಗುರುತ್ತದೆ. ಅಂಟಿಕೊಂಡ ಜಾಗದಿಂದ ಕಾಂಡದ ಕಡೆಗೆ ಒಂದೂವರೆ ಅಡಿ ಸೇರಿಸಿ ಕೊಂಬೆ ಕತ್ತರಿಸಿ. ದಪ್ಪ ಕೊಂಬೆಯನ್ನು ಮೊದಲು ಅಡಿಯಿಂದ ಅರ್ಧ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ದರೆ ತೊಗಟೆ ಸೀಳಿಕೊಂಡು ಕೆಳಗಿಳಿಯುವುದಿಲ್ಲ.

ನೆತ್ತಿ ಪೂರ್ತಿ ಒಣಗುತ್ತಿದ್ದರೆ ಮನೆಯವರನ್ನೇ ಕೇಳಿ: ಕಳೆದ ಒಂದೆರಡು ವರ್ಷದಲ್ಲಿ ಮರದ ಹತ್ತಿರ ಏನು ಅಗೆದಿರಿ? ಚರಂಡಿ, ನೀರಿನ ಪೈಪು, ಸಂಪು, ಕಾಂಪೌಂಡ್ ಪಾಯಕ್ಕೆ ಕಡಿದ ಬೇರಿನ ಫಲ ಆಗಲೇ ಕಾಣದೆ ತಡವಾಗಿ ಮೇಲೆ ಕಾಣುತ್ತದೆ. ಅಂಗಳಕ್ಕೆ ಟೈಲ್ಸ್ ಹಾಕಿದ್ದೂ ಅಷ್ಟೇ. ಬುಡದವರೆಗೂ ಸಿಮೆಂಟ್ ಇದ್ದರೆ ಸುತ್ತ ಕನಿಷ್ಠ ಮೂರಡಿ ಬಿಡಿಸಿ. ಉಳಿ–ಸುತ್ತಿಗೆಯಿಂದ ತುಂಡು ತುಂಡಾಗಿ ಎಬ್ಬಿಸಿ, ಯಂತ್ರ ಬಳಸಿದರೆ ಬೇರು ಜಜ್ಜಿಹೋಗುತ್ತದೆ. ಮೇಲಿನ ಮೂರ್ನಾಲ್ಕು ಇಂಚು ಮಣ್ಣು ಸಡಿಲಿಸಿ, ಒಣಎಲೆ ಹೊದಿಸಿ, ಕಾಂಡದಿಂದ ಒಂದು ಗೇಣು ಮಾತ್ರ ಖಾಲಿ ಬಿಡಿ. ಒಂದೆರಡು ಹಿಡಿ ಹೊಂಗೆ ಹಿಂಡಿ ಚೆಲ್ಲಿದರೆ ಒಳ್ಳೆಯದು, ಅದರ ಬೀಜದ್ದೇ ಗೊಬ್ಬರ. ಚೇತರಿಕೆ ಕಾಣಲು ಒಂದು ಪೂರ್ತಿ ಮಳೆಗಾಲ ಬೇಕು. ಅಲ್ಲಿಯವರೆಗೆ ತಾಳ್ಮೆ ಬಿಟ್ಟು ನೆತ್ತಿ ಬೋಳಿಸಬೇಡಿ.

ಲಕ್ಷಣ: ಕಾಂಡದ ಮೇಲೆ ಮಣ್ಣಿನ ಪದರ ಅಥವಾ ಮರದ ಹೊಟ್ಟು

ಮಣ್ಣಿನ ಪದರ ಗೆದ್ದಲಿನದು. ಕೈಯಿಂದ ಉಜ್ಜಿ ತೆಗೆದು ಅಡಿಯ ತೊಗಟೆ ನೋಡಿ. ಗಟ್ಟಿಯಾಗಿದ್ದರೆ ಗೆದ್ದಲು ಸತ್ತ ಹೊರತೊಗಟೆಯನ್ನಷ್ಟೇ ತಿನ್ನುತ್ತಿದೆ, ಹೆದರಬೇಕಾಗಿಲ್ಲ. ಒತ್ತಿದರೆ ಕುಸಿಯುತ್ತದೆ, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ ಎಂದಾದರೆ ಮರದ ಆ ಭಾಗ ಮೊದಲೇ ಸತ್ತಿದೆ. ಮುಂದಿನ ವಿಭಾಗ ಓದಿ.

ಹೊಟ್ಟು ಮತ್ತು ಹಿಕ್ಕೆ ಬಲೆಯಲ್ಲಿ ಸಿಕ್ಕಿಕೊಂಡು ಪಟ್ಟಿಯಂತೆ ಇದ್ದರೆ ತೊಗಟೆ ತಿನ್ನುವ ಹುಳು. ಬಲೆ ಒರೆಸಿ, ರಂಧ್ರ ಹುಡುಕಿ, ತೆಳು ತಂತಿ ತೂರಿಸಿ ಹುಳು ಕೊಲ್ಲಿ. ತಂತಿ ಮುಟ್ಟದಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಹಸಿ ಜೇಡಿಮಣ್ಣಿನಿಂದ ಮೆತ್ತಿ. ಹತ್ತಿರ ದೀಪ, ಬೀಡಿ ಇರಕೂಡದು. ಹೊಟ್ಟು ಹಲವು ರಂಧ್ರಗಳಿಂದ ಸುರಿಯುತ್ತಿದ್ದರೆ ತೋಟಗಾರಿಕೆ ಇಲಾಖೆಯವರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕರೆಯಿರಿ. ಅಂಗಡಿಯವರ ಮಾತು ಕೇಳಿ ಬಾವಿ, ಸಂಪಿನ ಪಕ್ಕದಲ್ಲಿ ಬಿರುಸು ವಿಷ ಸುರಿಯಬೇಡಿ.

ಲಕ್ಷಣ: ಬುಡದಲ್ಲಿ ಅಣಬೆ, ನೆಲದಲ್ಲಿ ಬಿರುಕು, ಮರ ವಾಲುತ್ತಿದೆ

ಇಲ್ಲಿ ನಿಮ್ಮ ಕೆಲಸ ನೋಡುವುದಷ್ಟೇ. ಬುಡದಲ್ಲಿ ಅರ್ಧಚಂದ್ರದ, ಕಂದುಗೆಂಪು, ಮರದಷ್ಟೇ ಗಟ್ಟಿಯಾದ ಅಣಬೆ ಮೂಡಿದ್ದರೆ ಅದು ಹೆಚ್ಚಾಗಿ ಗ್ಯಾನೊಡರ್ಮ ಎಂಬ, ಮರ ಕೊಳೆಸುವ ಶಿಲೀಂಧ್ರ. ಹೊರಗೆ ಅಣಬೆ ಕಾಣುವ ಹೊತ್ತಿಗೆ ಒಳಗೆ ಬೇರು, ಬುಡ ಸಾಕಷ್ಟು ಕೊಳೆತಿರುತ್ತದೆ. ಅಣಬೆ ಕಿತ್ತರೆ ರೋಗ ಹೋಗುವುದಿಲ್ಲ, ಗುರುತು ಮಾತ್ರ ಹೋಗುತ್ತದೆ. ಮೇಲಿನ ಎಲೆ ಹಸಿರಾಗಿದೆ ಎಂದು ಧೈರ್ಯ ತಂದುಕೊಳ್ಳಬೇಡಿ. ಹಸಿರಾಗಿರುವ ಮರವೂ ಬುಡಮೇಲಾಗುತ್ತದೆ.

ಹಳೆಯ ಓರೆ ಬೇರೆ, ಹೊಸ ಓರೆ ಬೇರೆ. ಎಳವೆಯಲ್ಲೇ ಬೆಳಕಿನತ್ತ ಬಾಗಿದ ಮರ ಮೇಲೆ ಹೋಗುತ್ತ ಮತ್ತೆ ನೇರವಾಗಿರುತ್ತದೆ, ಅದರಿಂದ ಭಯವಿಲ್ಲ. ಕಾಂಡವೇ ನೇರವಾಗಿ ಒಂದು ಕಡೆಗೆ ಹೊರಳಿ, ಎದುರು ಬದಿಯಲ್ಲಿ ನೆಲ ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬೇರು ಕಳಚುತ್ತಿದೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮುನ್ನ ಬೀಸುವ ಬಿರುಗಾಳಿಯೇ ಇಂಥ ಮರಗಳನ್ನು ಕೆಡವುವುದು. ವಾಹನ ಬೇರೆ ಕಡೆ ನಿಲ್ಲಿಸಿ, ಮಕ್ಕಳ ಜೋಕಾಲಿ ಬಿಚ್ಚಿ, ವಾಲಿದ ಬದಿಯ ಕೋಣೆಯಲ್ಲಿ ಮಲಗಬೇಡಿ. ಹಗ್ಗ ಕಟ್ಟಿ ಎಳೆದು ನೇರ ಮಾಡುವ ಸಾಹಸ ಬೇಡವೇ ಬೇಡ.

ನಗರದಲ್ಲಿದ್ದರೆ ಪಾಲಿಕೆಯ ಅರಣ್ಯ ವಿಭಾಗಕ್ಕೆ, ಬೇರೆ ಕಡೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಅಣಬೆ, ಬಿರುಕು, ವಾಲಿದ ದಿಕ್ಕು ಕಾಣುವಂತೆ ಫೋಟೊ ಸಮೇತ ದೂರು ಕೊಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದೆ. ಸ್ವಂತ ಅಂಗಳದ ಮರವಾದರೂ ಕಡಿಯುವ ಮುನ್ನ ವೃಕ್ಷಾಧಿಕಾರಿಯ ಅನುಮತಿ ಬೇಕೇ ಎಂದು ಅಲ್ಲೇ ವಿಚಾರಿಸಿ. ಸ್ಥಳ ಪರಿಶೀಲನೆಗೆ ಬಂದವರಿಗೆ, ಇಡೀ ಮರ ತೆಗೆಯದೆ ವಾಲಿದ ಬದಿಯ ಭಾರ ಇಳಿಸಿದರೆ ಉಳಿಯುತ್ತದೆಯೇ ಎಂದು ಕೇಳಿ. ಅಣಬೆ ಇಲ್ಲದೆ, ಬೇರು ಒಂದೇ ಕಡೆ ಸ್ವಲ್ಪ ಸಡಿಲವಾದ ಮರಗಳಲ್ಲಿ ಕೆಲವು ಹಾಗೆ ಉಳಿಯುತ್ತವೆ. ಅಣಬೆಯಿದ್ದು ತೆಗೆಯಲೇಬೇಕಾದರೆ ಬೊಡ್ಡೆ ಮತ್ತು ದಪ್ಪ ಬೇರುಗಳನ್ನೂ ಕೀಳಿಸಿ, ಅದೇ ಗುಂಡಿಯಲ್ಲಿ ಕೂಡಲೇ ಇನ್ನೊಂದು ಮರ ನೆಡದೆ ಹೊಸ ಸಸಿಗೆ ಬೇರೆ ಜಾಗ ಹುಡುಕಿ.